ಪಂಪ್‌ಹೌಸಿನ ಕೂಸು

ಹೊನ್ನಾಳಿ, ೮-೩-೧೯೮೮, ಮಂಗಳವಾರ. ಬೆಳಿಗ್ಗೆ ೭.

ನಿನ್ನೆ ‘ಕಚೇರಿಯ ಸರ್ವರ್ ಕೆಟ್ಟಿದೆ’ ಎಂದು ಬರೆದಿದ್ದೇನೆ. ತಪ್ಪು. ಕೆಡಬೇಕಾದರೆ ಮೊದಲು ನಡೆದಿರಬೇಕು. ಅದು ಒಂದು ದಿನವೂ ನಡೆದಿಲ್ಲ. ದಾವಣಗೆರೆಯಿಂದ ಬಂದ ಇಂಜಿನಿಯರ್ ಪೆಟ್ಟಿಗೆ ಬಿಚ್ಚಿ, ತಂತಿ ಎಳೆದು, ಪರದೆಯ ಮೇಲೆ ನಾಲ್ಕು ಅಕ್ಷರ ಮೂಡಿಸಿ, ಊಟ ಮಾಡಿ ಹೋಗಿದ್ದಾನೆ. ಒಳಗಿರಬೇಕಾದ ವ್ಯವಸ್ಥೆಯನ್ನು — ಕೈಪಿಡಿಯ ಪ್ರಕಾರ ನೆಟ್‌ವರ್ಕ್ ಆಪರೇಟಿಂಗ್ ಸಿಸ್ಟಂ — ಸ್ಥಾಪಿಸಿಯೇ ಇಲ್ಲ. ‘ಎಲ್ಲವೂ ನಡೆಯುತ್ತಿದೆ’ ಎಂಬ ಕಾಗದಕ್ಕೆ ಮಾತ್ರ ಸಹಿ ಪಡೆದಿದ್ದಾನೆ. ಸಹಿ ಹಾಕಿದವಳು ನನ್ನ ಮಗಳು ರುದ್ರಾಣಿ. ಕಚೇರಿಯ ಹಂಗಾಮಿ ಬೆರಳಚ್ಚುಗಾರ್ತಿ.

ಉದ್ದೇಶವೇನೋ ಸರಳ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು — ನಮ್ಮ ಸಂಸ್ಥೆಯ ನಾಲ್ಕೂ ಪ್ರೌಢಶಾಲೆಗಳ ಪ್ರಶ್ನೆಪತ್ರಿಕೆ, ಅಂಕಪಟ್ಟಿಗಳೆಲ್ಲ ಒಂದು ದೊಡ್ಡ ಕಂಪ್ಯೂಟರಿನಲ್ಲಿ, ಅಂದರೆ ಈ ಸರ್ವರಿನಲ್ಲಿ, ಇರಬೇಕು. ನಾಲ್ವರು ಗುಮಾಸ್ತರು ಈ ಕಚೇರಿಗೇ ಬಂದು, ನಾಲ್ಕು ಸಣ್ಣ ಕಂಪ್ಯೂಟರುಗಳ ಮುಂದೆ ಕುಳಿತು ತಮ್ಮ ತಮ್ಮ ಶಾಲೆಯದನ್ನು ಮಾತ್ರ ನೋಡಬೇಕು.

ಕಾರ್ಯದರ್ಶಿ ಜಯದೇವಪ್ಪನವರು ನಿನ್ನೆ ಎಲ್ಲರೆದುರು ಹೇಳಿದರು: ‘ನೋಡಮ್ಮ, ಸಹಿ ಹಾಕ್ದಾಕಿ ನೀನು. ಮೂವತ್ತೊಂದನೇ ತಾರೀಖಿನೊಳಗೆ ಇದು ನಡೀಬೇಕು. ಇಲ್ದಿದ್ರೆ ನಿನ್ನ ಕೆಲಸ ಅಲ್ಲಿಗೇ ಮುಗೀತು. ನಮ್ಮಾಕೆ ತಮ್ಮನ ಮಗ ಟೈಪಿಂಗ್ ಪಾಸಾಗಿ ಕೂತಾನೆ.’

ಗಂಡ ತೀರಿಕೊಂಡ ಮೇಲೆ ರುದ್ರಾಣಿ ತಲೆಯೆತ್ತಿ ನಡೆಯುವುದು ಈ ಕೆಲಸಕ್ಕೆ ಹೋಗುವಾಗ ಮಾತ್ರ.

‘ಕೈಪಿಡಿ ಇದೆಯಲ್ಲ, ನಾನು ಓದಿ ಮಾಡುತ್ತೇನೆ’ ಎಂದುಬಿಟ್ಟೆ. ಜಯದೇವಪ್ಪನವರು ಅಲ್ಲೇ ನನ್ನನ್ನು ಗೌರವ ‘ಸೂಪರ್‌ವೈಸರ್’ ಆಗಿ ನೇಮಿಸಿ ಆದೇಶ ಬರೆಸಿದರು. ಯಂತ್ರಕ್ಕೂ ಅದೇ ಹೆಸರಿನ ಅಧಿಕಾರಿ ಒಬ್ಬ ಬೇಕಂತೆ. ನಾನೋ, ಈ ಸಂಸ್ಥೆಯಲ್ಲೇ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು.

೧೧-೩-೧೯೮೮, ಶುಕ್ರವಾರ. ಸಂಜೆ.

ಕೈಪಿಡಿ ಒಂದಲ್ಲ, ಒಂದು ಸಾಲು. ಪ್ರತಿ ಸಂಪುಟವೂ ಇನ್ನೊಂದನ್ನು ನೋಡಿ ಎನ್ನುತ್ತದೆ. ಇಂಗ್ಲಿಷ್ ಶುದ್ಧವಾಗಿದೆ, ಕರ್ತೃ, ಕರ್ಮ, ಕ್ರಿಯೆ ಎಲ್ಲ ಸ್ವಸ್ಥಾನದಲ್ಲಿವೆ. ಆದರೂ ಅರ್ಥವಾಗುವುದಿಲ್ಲ! ನನ್ನ ತರಗತಿಯ ಹಿಂದಿನ ಬೆಂಚಿನವರ ಮುಖಗಳು ಈಗ ಕಣ್ಣಮುಂದೆ ಬರುತ್ತಿವೆ.

ತಿಳಿದಿದ್ದು ಇಷ್ಟು. ವ್ಯವಸ್ಥೆಯನ್ನು ಫ್ಲಾಪಿ ಎಂಬ ತೆಳು ತಟ್ಟೆಗಳಿಂದ ಒಳಗೆ ಇಳಿಸಬೇಕು. ಅದಕ್ಕೂ ಮುನ್ನ, ಸರ್ವರಿನೊಳಗೆ ಎಲ್ಲವನ್ನೂ ಬರೆದಿಡುವ ಡಿಸ್ಕಿನ ಮೈಯನ್ನೆಲ್ಲ ಒಂದಿಂಚೂ ಬಿಡದೆ ತಡವಿ ನೋಡುವ ಪರೀಕ್ಷೆಯಾಗಬೇಕು. ಕೆಟ್ಟ ಜಾಗಗಳನ್ನು ಗುರುತು ಹಾಕಿಕೊಂಡು, ಅಲ್ಲಿ ಏನೂ ಬರೆಯದಂತೆ ಮಾಡುವುದಕ್ಕೆ. ಈ ಪರೀಕ್ಷೆಗೆ ಒಂದಿಡೀ ಹಗಲು ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಕರೆಂಟು ಹೋದರೆ, ಎಂದು ಬರೆದವನು ಹೊನ್ನಾಳಿಯನ್ನು ನೋಡಿಲ್ಲ.

ಇಂದು ಎರಡು ಸಲ ಆರಂಭಿಸಿದೆವು. ಎರಡು ಸಲವೂ ಹೋಯಿತು. ಕೆಳಗಿಟ್ಟಿರುವ ಬ್ಯಾಟರಿ ಡಬ್ಬ ಸ್ವಲ್ಪ ಹೊತ್ತು ಕೀಂಗುಟ್ಟಿ ಸುಮ್ಮನಾಗುತ್ತದೆ.

ಮನೆಯಲ್ಲಿ ಹೆಂಡತಿ ಕಸ್ತೂರಮ್ಮ: ‘ಏನ್ರೀ, ಪಾಸಾಯ್ತೋ ಇಲ್ಲೋ ನಿಮ್ಮ ಡಬ್ಬಿ?’

‘ಪರೀಕ್ಷೆಯೇ ಮುಗಿದಿಲ್ಲ.’

‘ನೀವು ಮೇಲ್ವಿಚಾರಣೆಗೆ ಕೂತ್ರೆ ಯಾವ ಪರೀಕ್ಷೆ ಬೇಗ ಮುಗ್ದೈತೆ? ಹುಡುಗರು ಮೂತ್ರಕ್ಕೆ ಹೋಗಾಕೂ ಬಿಡ್ತಿರಲಿಲ್ಲ.’

ರುದ್ರಾಣಿ ನಕ್ಕಳು. ಈ ವಾರದಲ್ಲಿ ಮೊದಲ ಸಲ.

೧೬-೩-೧೯೮೮, ಬುಧವಾರ.

ದಾವಣಗೆರೆಗೆ ಟ್ರಂಕ್ ಕಾಲ್. ಬಹಳ ಹೊತ್ತು ಕಾದ ಮೇಲೆ ಲೈನು ಸಿಕ್ಕಿತು. ಇಂಜಿನಿಯರ್ ಕೆಲಸ ಬಿಟ್ಟು ಹೋಗಿದ್ದಾನೆ. ಬೇರೆಯವರಿಗೆ ಇದರ ವಿಷಯ ಗೊತ್ತಿಲ್ಲ. ‘ಸಹಿ ಆಗಿದೆಯಲ್ಲ ಸಾರ್?’ ಎಂದು ಆ ಕಡೆಯವರು ನನ್ನನ್ನೇ ಕೇಳಿದರು.

ಪರೀಕ್ಷೆ ಇಂದೂ ಅರ್ಧಕ್ಕೆ ನಿಂತಿತು. ಮುಕ್ಕಾಲು ದಾಟಿತ್ತು... ರುದ್ರಾಣಿ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು. ನಾನು ಸಂಪುಟದ ಪುಟ ತಿರುವುತ್ತಿರುವಂತೆ ನಟಿಸಿದೆ.

ವಿದ್ಯುತ್ ಕಚೇರಿಗೂ ಹೋಗಿ ಬಂದೆ. ಅಲ್ಲಿನ ಮಲ್ಲೇಶಪ್ಪ ನನ್ನ ಹಳೆಯ ವಿದ್ಯಾರ್ಥಿ. ಎದ್ದು ನಿಂತ, ಕುರ್ಚಿ ಕೊಟ್ಟ. ಕರೆಂಟು ಮಾತ್ರ ಕೊಡಲಾರ. ‘ಮೇಷ್ಟ್ರೇ, ಕತ್ತರಿ ನನ್ನ ಕೈಯಾಗಿಲ್ರಿ, ಮ್ಯಾಲಿನವರ ಕೈಯಾಗೈತೆ. ನೀರಿನ ಲೈನೊಂದು ಬಿಟ್ಟು ಎಲ್ಲ ತೆಗೀಬೇಕು ಅಂತ ಆರ್ಡರ್ರು.’

ನೀರಿನ ಲೈನು. ಹೊಳೆದಂಡೆಯ ಪಂಪ್‌ಹೌಸ್!

೨೦-೩-೧೯೮೮, ಭಾನುವಾರ.

ಮೂರು ದಿನ ಅನುಮತಿಗಾಗಿಯೇ ಓಡಾಟ. ಪುರಸಭೆಗೆ ಅರ್ಜಿ, ಸಂಸ್ಥೆಗೆ ಪ್ರತಿ. ಜಯದೇವಪ್ಪನವರು ‘ಪಂಪ್‌ಹೌಸಿಗಾದ್ರೂ ಒಯ್ರಿ, ಸ್ಮಶಾನಕ್ಕಾದ್ರೂ ಒಯ್ರಿ, ತಾರೀಖು ಮರೀಬ್ಯಾಡ್ರಿ’ ಎಂದರು.

ಇಂದು ತಳ್ಳುಗಾಡಿಯ ಮೇಲೆ ಹಾಸಿಗೆ ಹಾಸಿ ಸರ್ವರನ್ನು ಸಾಗಿಸಿದೆವು. ಒಂದು ಕಡೆ ನಾನು, ಇನ್ನೊಂದು ಕಡೆ ರುದ್ರಾಣಿ. ಪ್ರತಿ ಹೊಂಡಕ್ಕೂ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಹಾದಿಯಲ್ಲಿ ಯಾರೋ ಹೆಂಗಸು ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ನಿಂತು, ‘ಯಾರಿಗೇನಾತ್ರೀ?’ ಎಂದಳು.

ಪಂಪು ನಡೆಸುವವನು ದಾಸಪ್ಪ. ಮಾತಿನ ಮಲ್ಲ. ‘ಬರ್ರಿ ಬರ್ರಿ, ಇಲ್ಲಿ ಕರೆಂಟು ಹೋಗಂಗಿಲ್ಲ. ಹೋದ್ರೆ ಊರಿನ ಹೆಣ್ಮಕ್ಕಳು ಕೊಡ ತಗೊಂಡು ನನ್ನ ತಲೆಗೇ ಬಡೀತಾರೆ.’

ಪರೀಕ್ಷೆ ಆರಂಭ. ಕರೆಂಟು ನಿಜಕ್ಕೂ ಹೋಗಲಿಲ್ಲ. ದೇವರಿಗೆ ಕೈ ಮುಗಿದೆ.

೨೨-೩-೧೯೮೮, ಮಂಗಳವಾರ.

ದೇವರಿಗೆ ಕೈ ಮುಗಿದದ್ದು ತೀರಾ ಬೇಗವಾಯಿತು.

ಪರೀಕ್ಷೆಯೇನೋ ಕೊನೆ ಮುಟ್ಟಿತು. ಕೆಟ್ಟ ಜಾಗಗಳ ಪಟ್ಟಿ ಮಾತ್ರ ಪರದೆ ತುಂಬಿ, ಉರುಳಿ, ಮತ್ತೆ ತುಂಬಿತು. ಡಿಸ್ಕು ತಿರಸ್ಕೃತ. ಮತ್ತೆ ಮಾಡಿದೆವು. ಈ ಸಲದ ಪಟ್ಟಿಯೇ ಬೇರೆ. ಒಳ್ಳೆಯ ಜಾಗ ಒಮ್ಮೆ ಕೆಟ್ಟದ್ದು, ಇನ್ನೊಮ್ಮೆ ಒಳ್ಳೆಯದು ಹೇಗಾದೀತು? ಒಬ್ಬನೇ ವಿದ್ಯಾರ್ಥಿಯ ಒಂದೇ ಉತ್ತರಕ್ಕೆ ಎರಡು ಅಂಕ ಬಂದರೆ ದೋಷ ಉತ್ತರದ್ದಲ್ಲ.

ರುದ್ರಾಣಿ ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು. ನೀರಿನ ಮೇಲೆ ಒಂದರ ಹಿಂದೊಂದು ಬಳೆಯಂಥ ಅಲೆಗಳು. ನೆಲವೇ ನಡುಗುತ್ತಿದೆ. ಪಂಪಿನ ನಡುಕ ಡಿಸ್ಕಿನವರೆಗೆ ಹೋಗುತ್ತಿದೆ.

‘ದಾಸಪ್ಪ, ಒಂದು ಹಗಲು ಪಂಪು ನಿಲ್ಲಿಸಲಾದೀತೇ?’ ಕೇಳಬಾರದಿತ್ತು. ಕೇಳಿದೆ.

ಅವನು ನಗಲಿಲ್ಲ. ‘ಮೇಷ್ಟ್ರೇ, ನೀವು ಹೇಳಿದ್ರೆ ನಿಲ್ಲಿಸ್ತೀನ್ರಿ. ಆದ್ರೆ ಆಸ್ಪತ್ರೆಗೂ ಇದೇ ನೀರು.’

‘ಬೇಡ’ ಎಂದವಳು ರುದ್ರಾಣಿ. ‘ನಂದೊಂದು ಕೆಲಸಕ್ಕೆ ಊರಿಗೆಲ್ಲ ಬಾಯಾರಿಕೆ ಬ್ಯಾಡ ಅಪ್ಪಾ.’

ಹಾಸಿಗೆ ಮಡಿಸಿ ಕೆಳಗಿಟ್ಟು ನೋಡಿದೆವು. ಅಲೆ ಸಣ್ಣದಾಯಿತು, ಹೋಗಲಿಲ್ಲ. ಇನ್ನು ದಿನಗಳು ಸ್ವಲ್ಪವೇ.

೨೪-೩-೧೯೮೮, ಗುರುವಾರ.

ಮಧ್ಯಾಹ್ನ ಕಸ್ತೂರಮ್ಮ ಬುತ್ತಿ ತಂದಳು. ರೊಟ್ಟಿ, ಶೇಂಗಾ ಚಟ್ನಿ. ಲೋಟದ ಅಲೆಗಳನ್ನು ಹಣಿಕಿ ನೋಡಿದಳು. ಮೇಲೆ ನೋಡಿದಳು. ಮೋಟಾರು ಎತ್ತಲು ಚಾವಣಿಗೆ ಹಾಕಿರುವ ಕಬ್ಬಿಣದ ತೊಲೆ.

‘ನೆಲ ಅಲ್ಲಾಡಿದ್ರೆ ನೆಲದ ಮ್ಯಾಲೆ ಯಾಕಿಟ್ಟೀರಿ? ಜೋಲಿ ಕಟ್ರಿ.’

‘ಏನು?’

‘ಜೋಲಿ ರೀ, ಜೋಲಿ! ಕೂಸು ಮಲಗಿಸಾಕೆ ಸೀರೆ ಕಟ್ಟಂಗಿಲ್ವಾ? ನಿಮ್ಮ ಮಗಳು ಬಂಡಿ ಸದ್ದಿಗೆ ಬೆಚ್ಚಿಬೀಳ್ತಿದ್ದಾಗ ಹಂಗೇ ಮಲಗಿಸ್ತಿದ್ದೆ. ನೀವು ಆವಾಗೂ ಪುಸ್ತಕ ಓದ್ತಿದ್ರಿ.’

ಇದು ಯಾವ ಸಂಪುಟದಲ್ಲೂ ಇಲ್ಲ. ಹುಡುಕಿದೆ.

ದಾಸಪ್ಪ ತೊಲೆಗೆ ಹಗ್ಗ ಬಿಗಿದ. ಎರಡು ಹಳೆಯ ಸೀರೆ, ನಡುವೆ ಊಟದ ಮಣೆ, ಮಣೆಯ ಮೇಲೆ ಸರ್ವರ್. ಗಾಳಿಯಾಡುವ ಕಿಂಡಿಗಳಿಗೆ ಬಟ್ಟೆ ತಾಗದಂತೆ ರುದ್ರಾಣಿ ನಾಲ್ಕೂ ಕಡೆ ಪಿನ್ನು ಹಾಕಿದಳು. ತೂಗಾಡುವುದು ನಿಲ್ಲುವವರೆಗೂ ಕಾದೆವು. ಮಣೆಯ ಮೂಲೆಯಲ್ಲಿ ಲೋಟ. ನೀರು ಕನ್ನಡಿಯ ಹಾಗೆ ನಿಂತಿತು.

ದಾಸಪ್ಪ ಜೋಲಿಗೆ ಕೈ ಹಾಕಲು ಬಂದ. ‘ಒಂದೇ ಒಂದು ಸಲ ತೂಗಲಾ ಮೇಷ್ಟ್ರೇ?’

‘ಕೈ ತೆಗಿ!’ — ತರಗತಿಯ ಧ್ವನಿ ತಾನಾಗಿ ಬಂತು. ಪಾಪ, ಬಾಗಿಲವರೆಗೆ ಹಿಂದೆ ಸರಿದ.

೨೬-೩-೧೯೮೮, ಶನಿವಾರ.

ಮುಗಿಯಿತು. ಎರಡು ಸಲ ಮಾಡಿದೆವು. ಎರಡೂ ಸಲ ಒಂದೇ ಪಟ್ಟಿ, ಚಿಕ್ಕ ಪಟ್ಟಿ. ಡಿಸ್ಕು ಅಂಗೀಕೃತ.

ಅನಂತರ ಫ್ಲಾಪಿಗಳ ಸರದಿ. ಇದನ್ನು ತೆಗಿ, ಅದನ್ನು ಹಾಕು, ಮತ್ತೆ ಮೊದಲಿನದನ್ನೇ ಹಾಕು. ನಾನು ಓದಿ ಹೇಳುವುದು, ರುದ್ರಾಣಿ ಹಾಕುವುದು. ಒಂದು ಕಡೆ ನಾನು ತಪ್ಪು ಸಾಲು ಓದಿದೆ. ಅವಳು ಕೈ ತಡೆದು, ‘ಅಪ್ಪಾ, ಅದು ಮುಂದಿನ ಪುಟದ್ದು’ ಎಂದಳು. ಸರಿ. ಪರದೆಯನ್ನು ಅವಳು ನನಗಿಂತ ಮೊದಲು ಓದುತ್ತಾಳೆ.

ಸರ್ವರಿಗೆ ಹೆಸರು ಕೇಳಿತು. ಹೊನ್ನಾಳಿ ಎಂದರೆ ಚನ್ನಗಿರಿಯವರು ಸುಮ್ಮನಿರುವುದಿಲ್ಲ. ಜಗಳೂರು ಎಂದರೆ ನ್ಯಾಮತಿಯವರು. ನಾನು ಯೋಚಿಸುತ್ತಿರುವಾಗ ದಾಸಪ್ಪ: ‘ಜೋಲಿಯಾಗೆ ಹಾಕಿದ ಮ್ಯಾಲೆ ಹೆಸರಿಡದೆ ಬಿಡ್ತಾರೇನ್ರಿ? ಕೂಸು ಅನ್ರಿ.’ ರುದ್ರಾಣಿಯ ಬೆರಳು ಆಗಲೇ ಒತ್ತಿತ್ತು. KUSU. ಕೈಪಿಡಿಯ ಪ್ರಕಾರ ನಿಷಿದ್ಧವೇನಲ್ಲ.

೨೯-೩-೧೯೮೮, ಮಂಗಳವಾರ.

ಸರ್ವರ್ ಕಚೇರಿಗೆ ಮರಳಿದೆ. ನಾಲ್ಕೂ ಸಣ್ಣ ಕಂಪ್ಯೂಟರುಗಳಿಗೆ ಅದು ಕಾಣುತ್ತಿದೆ. ನಾಲ್ಕು ಶಾಲೆಗೆ ನಾಲ್ಕು ಖಾನೆ ಮಾಡಿದೆವು. ಜಗಳೂರಿನ ಹೆಸರಿನಲ್ಲಿ ಒಳಹೊಕ್ಕು ಚನ್ನಗಿರಿಯ ಅಂಕಪಟ್ಟಿ ತೆರೆಯಲು ನಾನೇ ಪ್ರಯತ್ನಿಸಿದೆ. ಬಿಡಲಿಲ್ಲ. ಕಳ್ಳನಾಗಿ ಸೋತು ಇಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಸಂತೋಷ ಸಂಜೆಯವರೆಗೆ. ಜಯದೇವಪ್ಪನವರು ಬಂದು ನೋಡಿದರು. ‘ಭೇಷ್ ಮೇಷ್ಟ್ರೇ!’ ಜೊತೆಗೆ ಟೈಪಿಂಗ್ ಪಾಸಾದ ಅವರ ಭಾವಮೈದುನನ ಮಗ. ‘ಇವನಿಗೂ ಸ್ವಲ್ಪ ತೋರಿಸಿಕೊಡ್ರಿ. ಒಂದನೇ ತಾರೀಖಿಂದ ಇವನೇ ನೋಡಿಕೊಳ್ತಾನೆ.’

‘ತಾರೀಖಿನೊಳಗೆ ನಡೆದರೆ ರುದ್ರಾಣಿ ಮುಂದುವರಿಯುತ್ತಾಳೆ ಎಂದಿದ್ದಿರಿ.’

‘ನಡೀದಿದ್ರೆ ತೆಗೀತೀನಿ ಅಂದಿದ್ದೆ. ನಡೆದ್ರೆ ಇಟ್ಕೊಳ್ತೀನಿ ಅಂತ ಎಲ್ಲಿ ಅಂದೆ?’

ಅವರ ವಾಕ್ಯ ಸರಿಯಾಗಿದೆ. ಅದೇ ಸಂಕಟ.

ಅವರು ಹೋದ ಮೇಲೆ ಉಳಿದದ್ದು ಒಂದೇ ಕೆಲಸ: ಸೂಪರ್‌ವೈಸರಿನ ಪಾಸ್‌ವರ್ಡ್. ಎಲ್ಲ ಖಾನೆಗಳನ್ನು ತೆರೆಯುವುದು, ಹೊಸಬರನ್ನು ಸೇರಿಸುವುದು, ತೆಗೆಯುವುದು ಆ ಹೆಸರಿನಿಂದಲೇ. ಅದು ಒಬ್ಬರಿಗೆ ಮಾತ್ರ ತಿಳಿದಿರಬೇಕು ಎಂದು ಕೈಪಿಡಿ ಹೇಳುತ್ತದೆ. ಯಾರಿಗೆ ಎಂದು ಹೇಳುವುದಿಲ್ಲ.

‘ನೀನು ಹಾಕು’ ಎಂದೆ.

‘ಆರ್ಡರ್ ನಿಮ್ಮ ಹೆಸರಿಗೈತೆ ಅಪ್ಪಾ.’

‘ಹಾಕು.’

ಗೋಡೆಯ ಕಡೆ ತಿರುಗಿ ಕುಳಿತೆ. ಕೀಲಿಗಳ ಸದ್ದನ್ನು ಎಣಿಸದಿರಲು ಮಗ್ಗಿ ಹೇಳಿಕೊಂಡೆ. ಇದು ನಿಯಮವೋ, ನಿಯಮದ ಮರೆಯ ಹಟವೋ? ಇಷ್ಟು ವರ್ಷ ಮಕ್ಕಳಿಗೆ ಏನು ಕಲಿಸಿದೆನೋ, ಅದಕ್ಕೆ ಇದು ಒಪ್ಪುತ್ತದೆಯೇ... ನನ್ನ ಗೌರವ ಸೂಪರ್‌ವೈಸರ್ ಹುದ್ದೆಗೆ ರಾಜೀನಾಮೆ ಪತ್ರವನ್ನೂ ಬರೆದಿಟ್ಟೆ.

೩೧-೩-೧೯೮೮, ಗುರುವಾರ.

ಬೆಳಿಗ್ಗೆ ಪತ್ರ ಕೊಟ್ಟೆ. ಜಯದೇವಪ್ಪನವರು ಸಂತೋಷದಿಂದಲೇ ತೆಗೆದುಕೊಂಡರು. ‘ದಣಿದೀರಿ ಮೇಷ್ಟ್ರೇ, ವಿಶ್ರಾಂತಿ ತಗೊಳ್ರಿ. ಆ ಪಾಸ್‌ವರ್ಡ್ ಒಂದು ಹುಡುಗನಿಗೆ ಹೇಳಿಬಿಡ್ರಿ.’

‘ನನಗೆ ಗೊತ್ತಿಲ್ಲ.’

‘ಏನಂದ್ರಿ?’

‘ನನಗೆ ಗೊತ್ತಿಲ್ಲ. ರುದ್ರಾಣಿಗೆ ಗೊತ್ತು.’

ಅವರು ರುದ್ರಾಣಿಯ ಕಡೆ ತಿರುಗಿದರು. ‘ಹೇಳಮ್ಮ.’

‘ಹೇಳಬಾರದಂತ್ರಿ. ಪುಸ್ತಕದಾಗೆ ಹಂಗೇ ಐತೆ.’ ತಲೆಯೆತ್ತಿಯೇ ಹೇಳಿದಳು. ‘ಕೆಲಸದಾಗಿರೋರು ಇಟ್ಕೊಳ್ಳಬೇಕು. ನಾನು ಇವತ್ತು ಸಂಜೆವರೆಗೂ ಇರ್ತೀನ್ರಿ.’

‘ಸಂಜೆ ಮೇಲೆ?’

‘ಅದನ್ನ ನೀವೇ ಹೇಳಬೇಕ್ರಿ.’

ಹುಡುಗ ಕೈಪಿಡಿಗಳ ಸಾಲನ್ನು ನೋಡಿದ. ‘ಮಾವಾ, ಫ್ಲಾಪಿ ಹಾಕಿ ಮತ್ತೆ ಮೊದಲಿನಿಂದ ಮಾಡಿದ್ರಾಯ್ತಲ್ಲ?’ ಎಂದ. ಜಯದೇವಪ್ಪನವರು ನನ್ನನ್ನು ನೋಡಿದರು. ಇದ್ದದ್ದನ್ನು ಹೇಳಿದೆ: ಮಾಡಬಹುದು, ಡಿಸ್ಕಿನ ಪರೀಕ್ಷೆಯಿಂದ ಆರಂಭಿಸಬೇಕು. ನಾಲ್ಕೂ ಶಾಲೆಯ ಗುಮಾಸ್ತರು ಕೆಲಸ ಆರಂಭಿಸಲು ಆಗಲೇ ಬಂದು ಜಗುಲಿಯಲ್ಲಿ ಕುಳಿತಿದ್ದರು.

ಮಧ್ಯಾಹ್ನ ಆದೇಶ ಬಂತು. ರುದ್ರಾಣಿ, ಸೂಪರ್‌ವೈಸರ್, ಖಾಯಂ. ಜಯದೇವಪ್ಪನವರು ಸಹಿ ಮಾಡುವಾಗ ನನ್ನ ಮುಖ ನೋಡಲಿಲ್ಲ. ನಾನೂ ಅವರದನ್ನು ನೋಡಲಿಲ್ಲ.

ಮನೆಗೆ ಬಂದ ಮೇಲೆ ಹೊಸ ಭಯ. ಜ್ವರ ಬಂದರೆ? ಮರೆತರೆ? ನಾಲ್ಕು ಶಾಲೆಯ ಮಕ್ಕಳ ಅಂಕಗಳೆಲ್ಲ ಒಂದು ಪದದ ಹಿಂದೆ. ಊಟಕ್ಕೆ ಕುಳಿತಾಗ ಮೆಲ್ಲಗೆ ಕೇಳಿದೆ: ‘ಮೊದಲಕ್ಷರ ಮಾತ್ರ ಹೇಳು. ನೆನಪಿಗೆ ಒಬ್ಬರಿರಲಿ.’

ಕಸ್ತೂರಮ್ಮ ಸೌಟು ಹಿಡಿದು ನಿಂತಳು. ‘ಹೇಳಬ್ಯಾಡ ಕಣೇ!’

ರುದ್ರಾಣಿ ರೊಟ್ಟಿ ಮುರಿಯುತ್ತ ಅಂದಳು: ‘ಅಪ್ಪಾ, ಅವತ್ತು ಮುಖ ತಿರುಗಿಸಿ ಕೂತೋರು ನೀವೇ. ಈಗ ಈ ಕಡೆ ತಿರುಗಬ್ಯಾಡ್ರಿ.’

ಅವಳು ಹೇಳಿದ್ದು ಸರಿ. ನಿಯಮದ ಪ್ರಕಾರವೂ ಸರಿ. ಆದರೂ, ಕೊನೆಯ ಪಕ್ಷ ಅದನ್ನು ಅವಳು ಎಲ್ಲಾದರೂ ಬರೆದಿಟ್ಟಿದ್ದರೆ — ಬೇಡ, ಆ ಕಡೆ ತಿರುಗುವುದಿಲ್ಲ.

ಇಲ್ಲಿಗೆ ನಿಲ್ಲಿಸಿದೆ. ರಾತ್ರಿ ೮ ಗಂಟೆ ೧೦ ನಿಮಿಷ.