ಹಗ್ಗ ಮುಟ್ಟಿದವರ ಪಾಲು

ಅಕ್ಟೋಬರ್ 6, 2003, ಸೋಮವಾರ

ಬೆಳಿಗ್ಗೆ ಮಾವನ ಕಾಲಿನ ಡ್ರೆಸ್ಸಿಂಗ್ ಆಯಿತು. ಎಡಗಾಲಿನ ಹೆಬ್ಬೆರಳು. ಮಳೆಗಾಲಕ್ಕೆ ಮೊದಲು ಚಿಪ್ಪು ತಾಗಿದ ಗಾಯ, ಇನ್ನೂ ಹಸಿ. ಸಕ್ಕರೆ ಕಾಯಿಲೆಯವರಿಗೆ ಹೀಗೆಯೇ ಅಂತೆ. ಬುತ್ತಿಗೆ ಗಂಜಿ ಹಾಕಿದೆ. ಸಕ್ಕರೆಯ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಅಂಗಿಯ ಕಿಸೆಗಿಟ್ಟೆ. ಮನೆಯಲ್ಲೇ ತಿಂದು ಹೋಗಿ ಎಂದರೆ ಕೇಳುವ ಆಸಾಮಿ ಅಲ್ಲ. ಕಡಲ ಬದಿಯ ಬಲೆಯ ಚಪ್ಪರವೇ ಆಗಬೇಕು. ಹಿಂದೆ ಜೊತೆಯಲ್ಲಿ ದಡದಿಂದ ರಂಪಣಿ ಬಲೆ ಎಳೆದವರು ಅಲ್ಲಿ ಸೇರುತ್ತಾರೆ. ಎಲ್ಲರಿಗೂ ಎಪ್ಪತ್ತು ದಾಟಿದೆ. ಮಾವ ಹೇಳುವುದು ಮಾತ್ರ "ಹುಡುಗರು".

ರೋಶನ್ ಬೋಟಿನಲ್ಲಿ. ಮಲ್ಪೆಯಿಂದ ಎರ್ಮಾಳಿನ ಮನೆಗೆ ಬರುವುದು ವಾರಕ್ಕೊಮ್ಮೆ, ಕೆಲವು ಸಲ ಅದೂ ಇಲ್ಲ. ಅಪ್ಪನನ್ನು ನನಗೊಪ್ಪಿಸಿ ನೆಮ್ಮದಿಯಾಗಿದ್ದಾರೆ ಗಂಡ ಎನಿಸಿಕೊಂಡವರು. ನನ್ನ ಅಂಗನವಾಡಿಯಲ್ಲಿ ಇಪ್ಪತ್ತು ಮಕ್ಕಳು, ಮನೆಯಲ್ಲಿ ಮಾವ ಎಂಬ ಒಂದು. ಮನೆಯದ್ದೇ ಜೋರು.

ಅಕ್ಟೋಬರ್ 15, ಬುಧವಾರ

ಕಾಪುವಿನ ಕ್ಲಿನಿಕ್‌ಗೆ ಹೋಗಿ ಬಂದೆವು. ಶುಗರ್ ಮುನ್ನೂರ ನಲವತ್ತು. ರಿಪೋರ್ಟ್ ನೋಡಿ ನನಗೇ ತಲೆ ತಿರುಗಿತು. ಡಾಕ್ಟರ್ ಕನ್ನಡಕದ ಮೇಲಿಂದ ನೋಡಿದರು.

"ಅಂಗಾರಣ್ಣ, ಮಾತ್ರೆ ಸರಿಯಾಗಿ ತೆಗೊಳ್ತೀರಾ?"

"ಮನೆಯಲ್ಲಿ ಟೀಚರ್ ಇದ್ದಾಳಲ್ಲ, ಅವಳನ್ನೇ ಕೇಳಿ."

ಒಂದು ದಿನವೂ ತಪ್ಪಿಲ್ಲ, ಕಟ್ಟಿ ಕೊಡುವುದು ನಾನೇ ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಡೋಸ್ ಜಾಸ್ತಿ ಮಾಡಿದರು. ಬಸ್ಸಿನಲ್ಲಿ ಮಾವ ಖುಷಿಯಾಗಿದ್ದರು. "ಇನ್ನು ಮಾತ್ರೆ ಹೆಚ್ಚು ಸಿಗ್ತದೆ, ಅಲ್ವಾ?" ಎಂದರು. ಮಾತ್ರೆ ಹೆಚ್ಚಾಯಿತೆಂದು ಸಂತೋಷಪಡುವ ಮನುಷ್ಯನನ್ನು ಮೊದಲ ಸಲ ನೋಡಿದೆ.

ಅಕ್ಟೋಬರ್ 26, ಆದಿತ್ಯವಾರ

ಮಾವ ಕನ್ನಡಕ ಬಿಟ್ಟು ಹೋಗಿದ್ದರು. ಕೊಡಲು ಚಪ್ಪರಕ್ಕೆ ಹೋದೆ. ನಾಲ್ಕೈದು ಮಂದಿ ಸುತ್ತ ಕುಳಿತಿದ್ದರು, ನಡುವೆ ಮರದ ಹಲಗೆ, ಬಲೆ ಕೊಯ್ಯುವ ಚಾಕು. ನನ್ನನ್ನು ಕಂಡದ್ದೇ ಗಪ್‌ಚಿಪ್. ದೇಜಪ್ಪಣ್ಣ ಹೆಗಲ ಬೈರಾಸನ್ನು ಹಲಗೆಯ ಮೇಲೆ ಎಳೆದರು. ಅಡಿಕೆ ಕತ್ತರಿಸುತ್ತಿರಬೇಕು, ಟೀಚರ್ ಬೈದಾಳೆಂದು ಹೆದರಿಕೆ. ಚಂದು ಅಜ್ಜ, ಎಲ್ಲರಿಗಿಂತ ಹಿರಿಯರು, ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ಅಂಗಾರನ ಪುಣ್ಯ ಮಗಾ, ನಿನ್ನಂಥ ಸೊಸೆ ಸಿಕ್ಕಿದ್ದು." ಹೊಗಳಿಸಿಕೊಂಡು ಬಂದೆ.

ನವೆಂಬರ್ 3, ಸೋಮವಾರ

ಪುನಃ ಕಾಪು. ಶುಗರ್ ಇದ್ದಲ್ಲೇ ಇದೆ. ಬೆರಳಿನ ತುದಿ ಕಪ್ಪಾಗುತ್ತಿದೆ.

"ಇನ್ನೊಮ್ಮೆ ಡೋಸ್ ಏರಿಸ್ತೇನೆ," ಎಂದರು ಡಾಕ್ಟರ್. "ಹದಿನೈದು ದಿನ ನೋಡುವಾ. ಆಗದಿದ್ದರೆ ಮಣಿಪಾಲಕ್ಕೆ ಹೋಗಿ ಬೆರಳು ತೆಗೆಸಬೇಕಾದೀತು."

ಮಾವ ಕಾಲನ್ನು ಬೆಂಚಿನ ಅಡಿಗೆ ಎಳೆದುಕೊಂಡರು.

ನನಗೆ ಸಂಶಯ. ಮಾತ್ರೆ ಎಲ್ಲೋ ಬೀಳಿಸುತ್ತಾರೆ, ಇಲ್ಲ ಹರಟೆಯಲ್ಲಿ ಮರೆಯುತ್ತಾರೆ. ನಾಳೆಯಿಂದ ಚಪ್ಪರ ಬಂದ್. ಗಂಜಿ, ಮಾತ್ರೆ ಎರಡೂ ನನ್ನ ಕಣ್ಣೆದುರು.

"ಹುಡುಗರು ಕಾಯ್ತಾರೆ ಮಗಳೇ."

"ಕಾಯಲಿ. ನಾಳೆ ಬೆರಳು ಹೋದರೆ ಅವರು ತಂದು ಕೊಡ್ತಾರಾ?"

ನವೆಂಬರ್ 4, ಮಂಗಳವಾರ

ನುಂಗಿದರು. ಬಾಯಿ ತೆರೆಸಿ ನೋಡಿದೆ, ಅಂಗನವಾಡಿಯಲ್ಲಿ ಹುಳದ ಮಾತ್ರೆ ಕೊಟ್ಟಾಗ ನೋಡುವ ಹಾಗೆ. ಮಾವನಿಗೆ ಸಿಟ್ಟು. ಗಂಜಿ ಅರ್ಧಕ್ಕೆ ಬಿಟ್ಟರು. "ಒಬ್ಬನೇ ಕೂತು ಉಂಡರೆ ಗಂಟಲಲ್ಲಿ ಇಳಿಯುವುದಿಲ್ಲ." ನಾಟಕ. ಎರಡು ದಿನದಲ್ಲಿ ಸರಿಹೋಗುತ್ತಾರೆ.

ನವೆಂಬರ್ 6, ಗುರುವಾರ. ಮಣಿಪಾಲ, ಆಸ್ಪತ್ರೆ

ಡೈರಿ ಬ್ಯಾಗಿನಲ್ಲೇ ಇತ್ತು. ಬರೆಯದಿದ್ದರೆ ತಲೆ ಕೆಡುತ್ತದೆ.

ಹತ್ತು ಗಂಟೆಗೆ ಪಕ್ಕದ ಮನೆಯ ಕಮಲಕ್ಕ ಅಂಗನವಾಡಿಗೆ ಓಡಿ ಬಂದರು. ಮಾವ ಜಗಲಿಯಲ್ಲಿ ಬಿದ್ದಿದ್ದರು. ಮೈಯೆಲ್ಲ ಬೆವರು, ಮುಟ್ಟಿದರೆ ತಣ್ಣಗೆ. ಕರೆದರೆ ನನ್ನ ಗುರುತೇ ಇಲ್ಲ. ಆಟೋದಲ್ಲಿ ಕಾಪು, ಅಲ್ಲಿಂದ ಆಂಬುಲೆನ್ಸ್‌ನಲ್ಲಿ ಇಲ್ಲಿಗೆ. ಮನೆಯ ಬೀಗದ ಕೈ ಕಮಲಕ್ಕನ ಕೈಗೆ ಎಸೆದು ಬಂದಿದ್ದೇನೆ.

ಶುಗರ್ ಮೂವತ್ತು. ಮುನ್ನೂರಲ್ಲ, ಮೂವತ್ತು.

ಡ್ಯೂಟಿ ಡಾಕ್ಟರ್ ಸಣ್ಣ ಪ್ರಾಯದ ಹುಡುಗಿ. "ಮಾತ್ರೆ ಹೆಚ್ಚಾಗಿ ಸಕ್ಕರೆ ಪೂರಾ ಇಳಿದಿದೆ. ಎಚ್ಚರ ಯಾವಾಗ ಆಗ್ತದೆ, ಈಗ ಹೇಳ್ಲಿಕ್ಕೆ ಆಗುವುದಿಲ್ಲ." ಹೆಚ್ಚಾಗುವುದು ಹೇಗೆ? ಚೀಟಿಯಲ್ಲಿ ಬರೆದಷ್ಟೇ ಕೊಟ್ಟದ್ದು. ಅದಕ್ಕಿಂತ ಒಂದು ಚೂರು ಹೆಚ್ಚಿಲ್ಲ.

ಸಂಜೆ ರೋಶನ್ ಬಂದರು. ಅಪ್ಪನನ್ನು ನೋಡಿದರು. ಆಮೇಲೆ ನನ್ನನ್ನು.

"ಎಂತ ಕೊಟ್ಟೆ ನೀನು ಅವರಿಗೆ?"

ಕಣ್ಣೆದುರೇ ನುಂಗಿಸಿದ್ದು ನಾನು. ದೇವರೇ, ಈ ಮನುಷ್ಯ ಏಳದಿದ್ದರೆ...

ನವೆಂಬರ್ 7, ಶುಕ್ರವಾರ, ಬೆಳಿಗ್ಗೆ

ಎಚ್ಚರ ಇನ್ನೂ ಆಗಿಲ್ಲ. ದೇಜಪ್ಪಣ್ಣ ಬಂದರು, ಬೆಳಗ್ಗಿನ ಬಸ್ಸು ಹಿಡಿದು. ಮಂಚದ ಬದಿಯಲ್ಲಿ ನಿಂತು ಮಾವನ ಕೈ ಸವರಿದರು.

"ಒಬ್ಬನೇ ತಿಂದನಲ್ಲ, ಹಾಗೆ ಆದದ್ದು. ಪಾಲು ಕೊಡದೆ ತಿಂದದ್ದು ಮೈಗೆ ಹತ್ತುವುದಿಲ್ಲ."

"ಎಂತದರ ಪಾಲು?"

"ಮಾತ್ರೆಯದ್ದು. ಮತ್ತೆಂತದರದ್ದು?"

ಮಂಚದ ಕಂಬಿ ಹಿಡಿದುಕೊಂಡೆ. ದಿನಾ ಬೆಳಿಗ್ಗೆ ಹಲಗೆಯ ಮೇಲಿಟ್ಟು ಚಾಕುವಿನಿಂದ ತುಂಡು ಮಾಡುವುದಂತೆ. ಎಲ್ಲರಿಗೂ ಒಂದೊಂದು ಚೂರು. ರಂಪಣಿಯ ಕಾನೂನು ನನಗೂ ಗೊತ್ತು. ಹಗ್ಗ ಮುಟ್ಟಿದವನಿಗೆಲ್ಲ ಪಾಲು, ದಾರಿಹೋಕ ಕೈ ಕೊಟ್ಟರೂ ಒಂದು ಹಿಡಿ ಬೂತಾಯಿ. ಅದು ಮೀನಿಗೆ ಮಾತ್ರ ಎಂದು ತಿಳಿದಿದ್ದೆ.

"ನಿಮಗೆಲ್ಲ ಸಕ್ಕರೆ ಕಾಯಿಲೆ ಉಂಟಾ ದೇಜಪ್ಪಣ್ಣ? ಟೆಸ್ಟ್ ಮಾಡಿಸಿದ್ದೀರಾ?"

"ಎಂತಕ್ಕೆ ಟೆಸ್ಟು? ಒಂದೇ ಕಡಲಲ್ಲಿ ದುಡಿದವರು ನಾವು. ಅವನಿಗೆ ಉಂಟಾದರೆ ನಮಗೂ ಇರ್ತದೆ."

ಶುಗರ್ ಯಾಕೆ ಇಳಿಯಲಿಲ್ಲ, ಡೋಸ್ ಯಾಕೆ ಏರುತ್ತಾ ಹೋಯಿತು, ಎಲ್ಲ ಒಮ್ಮೆಲೇ ತಿಳಿಯಿತು. ಚೂರು ತಿನ್ನುತ್ತಿದ್ದವರಿಗೆ ಏರಿದ ಡೋಸನ್ನು ನಾನು ಇಡಿಯಾಗಿ ನುಂಗಿಸಿದೆ. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂತು. ನನಗೇ ಒಂದು ಮಾತು ಹೇಳಬಾರದಿತ್ತೇ ಈ ಮುದುಕರು?

ದೇಜಪ್ಪಣ್ಣ ನನ್ನನ್ನೇ ಸಮಾಧಾನ ಮಾಡಿದರು.

"ಹೆದರಬೇಡ ಮಗಳೇ. ಇವತ್ತು ಬೆಳಿಗ್ಗೆ ನಾವು ಸರಿ ಮಾಡಿದ್ದೇವೆ. ಕಮಲಳ ಹತ್ತಿರ ನಿನ್ನ ಮನೆಯ ಕೀ ಉಂಟಲ್ಲ, ಮಾತ್ರೆ ತರಿಸಿದೆವು. ಅವನು ಕೊಡದ ದಿನಗಳದ್ದೂ ಸೇರಿಸಿ ಹಂಚಿದೆವು. ತುಂಡು ಮಾಡಲಿಲ್ಲ, ಒಬ್ಬೊಬ್ಬನಿಗೆ ಎರಡೆರಡು ಇಡೀ ಮಾತ್ರೆ. ಅವನ ಹೆಸರು ಹೇಳಿಯೇ ನುಂಗಿದ್ದು. ಪಾಲು ಮುಟ್ಟಿತಲ್ಲ, ಇನ್ನು ಏಳ್ತಾನೆ."

ಹೇಳುತ್ತಾ ಬೈರಾಸಿನಿಂದ ಹಣೆ ಒರೆಸಿದರು. ಮತ್ತೆ ಒರೆಸಿದರು. ನಿಂತಿದ್ದದ್ದು ಫ್ಯಾನಿನ ಅಡಿಯಲ್ಲಿ. ಅವರ ಕೈ ಹಿಡಿದು ನೋಡಿದೆ. ತಣ್ಣಗಿತ್ತು. ಸಿಸ್ಟರ್ ಎಂದು ಕಿರುಚಿದೆ.

ಅದೇ ದಿನ, ಮಧ್ಯಾಹ್ನ

ದೇಜಪ್ಪಣ್ಣನಿಗೆ ಗ್ಲೂಕೋಸ್ ಹಾಕಿದ್ದಾರೆ. ಮಾತಾಡುತ್ತಿದ್ದಾರೆ, ಅಪಾಯ ಇಲ್ಲ ಎಂದರು.

ಕೆಳಗಿನ ಬೂತಿನಿಂದ ಎರ್ಮಾಳಿನ ಅಂಗಡಿಗೆ ಫೋನ್ ಮಾಡಿದ್ದೆ. ಚಪ್ಪರಕ್ಕೆ ಓಡಿ, ಎಲ್ಲರಿಗೂ ಸಕ್ಕರೆ ನೀರು ಕುಡಿಸಿ, ಕಾಪುವಿಗೆ ಕರಕೊಂಡು ಹೋಗಿ ಎಂದೆ. ಪುನಃ ಮಾಡಿದಾಗ ಕಮಲಕ್ಕ ಸಿಕ್ಕಿದರು. ಉಳಿದವರು ಕ್ಲಿನಿಕ್‌ನಲ್ಲಿ, ಕೂತಿದ್ದಾರೆ. ಚಂದು ಅಜ್ಜ... ಬೆಳಿಗ್ಗೆ ಚಹಾ ಬಿಟ್ಟು ಏನೂ ತಿನ್ನದವರು. ಬಲೆಯ ರಾಶಿಯ ಮೇಲೆ ಮಲಗಿದ್ದರಂತೆ. ನಿದ್ದೆ ಎಂದುಕೊಂಡು ಯಾರೂ ಮಾತಾಡಿಸಲಿಲ್ಲ.

"ಎಬ್ಬಿಸಿದೆವು ಶರ್ಮಿಳಾ. ಏಳಲೇ ಇಲ್ಲ. ನಾನೇ ಅಲ್ವಾ ಮಾತ್ರೆ ತೆಗೆದು ಕೊಟ್ಟದ್ದು?"

ಫೋನ್ ಇಟ್ಟು ಮೆಟ್ಟಿಲಲ್ಲೇ ಕುಳಿತುಬಿಟ್ಟೆ. ರೋಶನ್ ಹುಡುಕಿಕೊಂಡು ಬಂದರು. ಎಲ್ಲ ಹೇಳಿದೆ. ನನ್ನ ಪಕ್ಕದಲ್ಲಿ ಕುಳಿತರು.

ಸಂಜೆ

ಮಾವ ಕಣ್ಣು ಬಿಟ್ಟರು. ರೋಶನ್‌ರನ್ನು ಗುರುತಿಸಿದರು, ನನ್ನನ್ನೂ. ಬದುಕಿದೆವು ಅನ್ನಿಸಿತು. ಈಗ ಏನೂ ಹೇಳಬೇಡಿ, ಗಾಬರಿ ಮಾಡಬೇಡಿ ಎಂದಿದ್ದಾರೆ ಡಾಕ್ಟರ್. ಚಮಚದಲ್ಲಿ ನೀರು ಕೊಟ್ಟೆ. ತುಟಿ ಒರೆಸಿಕೊಂಡು ಕೇಳಿದರು.

"ಹುಡುಗರಿಗೆ ಪಾಲು ಸಿಕ್ಕಿತಾ ಮಗಳೇ?"

ಅಂದರೆ ಬಿದ್ದಾಗಲೂ ಅದೇ ಚಿಂತೆ. ರೋಶನ್ ಕಿಟಕಿಯ ಕಡೆ ತಿರುಗಿದರು. ಸಿಕ್ಕಿತು ಮಾವ ಎಂದೆ. ಯಾರ್ಯಾರಿಗೆ ಎಂದರು. ದೇಜಪ್ಪಣ್ಣನಿಗೆ ಎಂದೆ. ನಕ್ಕರು. ಬರೆಯುತ್ತಾ ಕುಳಿತವಳ ಸೆರಗು ಈಗ ಮತ್ತೆ ಎಳೆಯುತ್ತಿದ್ದಾರೆ. "ಚಂದುವಿಗೆ?" ಡೈರಿ ಮುಚ್ಚುತ್ತೇನೆ.