ಕಂಕುಳವರೆಗಿನ ಗೆರೆ

ಅಮ್ಮಾ,

ಕ್ಯಾನ್ಸರ್ ಆಪರೇಷನ್ ಆದಮೇಲಿನ ನಿನ್ನ ಎದೆಯ ಚಿತ್ರ ಬರೆದಿದ್ದೇನೆ. ಗಿರಾಕಿಗಳ ಬಟ್ಟೆ ಕತ್ತರಿಸಲು ನೀನು ಮಾಡಿಟ್ಟಿದ್ದ ಕಂದು ಕಾಗದದ ಅಳತೆಗಳನ್ನು ಒಂದರ ಮೇಲೊಂದು ಅಂಟಿಸಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ನಿನ್ನನ್ನು ಬರೆದೆ. ಗಾಯವನ್ನು ಮಾತ್ರ ಊಹಿಸಿ ಎಳೆದೆ. ನೀನು ತೋರಿಸಲಿಲ್ಲ, ನಾನೂ ಕೇಳಲಿಲ್ಲ.

ಪ್ರದರ್ಶನಕ್ಕೆ ಕಳಿಸುವ ಮೊದಲು ಇವತ್ತು ಚಿಕ್ಕಮ್ಮನಿಗೆ ತೋರಿಸಿದೆ. ಅವಳು ಬೇಡವೆಂದರೆ ಹರಿದುಹಾಕುವುದೆಂದು ನಿಶ್ಚಯಿಸಿಕೊಂಡಿದ್ದೆ. ಅವಳು ಕನ್ನಡಕ ಏರಿಸಿ ನೋಡಿದಳು.

"ಅಲ್ವೇ, ಟೈಲರ್ ಮಗಳಾಗಿ ಅಳತೆ ತಪ್ಪಿದೀಯಲ್ಲೇ! ನಿಮ್ಮಮ್ಮ ಇದ್ದಿದ್ರೆ ಸ್ಕೇಲಲ್ಲೇ ಬಾರಿಸ್ತಿದ್ಲು."

"ಏನು ತಪ್ಪಿದೆ ಚಿಕ್ಕಮ್ಮ?"

"ಗಾಯ ಇಷ್ಟಕ್ಕೇ ನಿಂತಿರ್ಲಿಲ್ಲ, ಕಂಕುಳತನಕ ಹೋಗಿತ್ತು. ಎರಡು ತಿಂಗಳು ದಿನಾ ಬ್ಯಾಂಡೇಜ್ ಬದಲಾಯಿಸಿದವಳು ನಾನು. ಕಚಗುಳಿ ಆಗತ್ತೆ ಬಿಡೇ ಅಂತ ನಗ್ತಿದ್ಲು. ಸರಿಮಾಡಿ ಕಳಿಸು."

ನೀನು ನಗುತ್ತಿದ್ದೆಯಂತೆ! ಬಾಗಿಲು ಹಾಕಿಕೊಂಡು ಒಬ್ಬಳೇ ಗಾಯ ತೊಳೆದುಕೊಳ್ಳುತ್ತಿದ್ದೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಸದ್ಯ, ಒಳಗೆ ಇಬ್ಬರಿದ್ದಿರಿ. ನಾನು ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದೆ.

ಚಿಕ್ಕಮ್ಮ ಕಾಗದದ ಮೇಲೆ ಬೆರಳಿಟ್ಟು ನಿಧಾನವಾಗಿ ಸರಿಸುತ್ತ ಹೋದಳು. ಆ ಬೆರಳು ನಿಂತಲ್ಲಿಯವರೆಗೂ ನಾನು ಗೆರೆ ಎಳೆದೆ.