ಚೀಟಿಯಲ್ಲಿಲ್ಲದ ಪ್ರಶ್ನೆ

ಫೋರ್ಸ್ಟ್, ಪೂರ್ವ ಜರ್ಮನಿ
ನವೆಂಬರ್ 1986

ಗುಡ್ರುನ್ ಅಕ್ಕನಿಗೆ,

ತಿಂಗಳಿಗೊಂದು ಸೋಮವಾರ ಇಲ್ಲಿನ ನೇಯ್ಗೆ ಗಿರಣಿಯಲ್ಲಿ ಪಕ್ಷದ ಸಿದ್ಧಾಂತದ ಪಾಠ ಮಾಡುತ್ತೇನೆ. ಕೇಳಬೇಕಾದ ಪ್ರಶ್ನೆಗಳನ್ನು ನಾನೇ ಚೀಟಿಯಲ್ಲಿ ಬರೆದು ಕೆಲವರಿಗೆ ಮೊದಲೇ ಕೊಟ್ಟಿರುತ್ತೇನೆ. ಮಿಕ್ಕವರು ಉಣ್ಣೆ ಹೆಣೆಯುತ್ತ ಕೂರುತ್ತಾರೆ. ಹೋದ ತಿಂಗಳು ಹೆರ್ಟಾ ನೋವಾಕ್ ಎಂಬ ಹಳೆಯ ನೇಕಾರ್ತಿ ಚೀಟಿಯನ್ನು ಮಡಚಿಟ್ಟು ಎದ್ದು ನಿಂತಳು.

"ಮೂವತ್ತು ವರ್ಷದಿಂದ ಇದನ್ನೆಲ್ಲ ನಂಬ್ಕೊಂಡು ಬಂದಿದೀನಿ ಮೇಷ್ಟ್ರೇ. ನೀವು ನಂಬ್ತೀರಾ?"

"ಅದು ಚೀಟೀಲಿ ಇಲ್ವಲ್ಲ ಕಾಮ್ರೇಡ್," ಎಂದೆ. ಎಲ್ಲರೂ ನಕ್ಕರು. ಅಲ್ಲಿ ನಂಬಿದ್ದವಳು ಅವಳೊಬ್ಬಳೇ, ಅಕ್ಕ.

ನಿನ್ನೆ ಅವಳು ಚೀಟಿಯ ಪ್ರಶ್ನೆಯನ್ನು ತಪ್ಪಿಲ್ಲದೆ ಓದಿ, ಕೂತು, ಚೀಲದಿಂದ ಉಣ್ಣೆ ತೆಗೆದಳು.

ನನ್ನ ಕೆಮ್ಮು ಕಡಿಮೆಯಾಗಿದೆ. ನೀನು ಕಾಲುಚೀಲ ಕಳಿಸುವುದು ಬೇಡ. ಹೆರ್ಟಾ ಹೆಣೆಯುತ್ತಿರುವುದು ನನಗೇ ಅಂತೆ.

ಅವಸರದಲ್ಲಿ,
ನಿನ್ನ ತಮ್ಮ ಎಕಾರ್ಟ್